ಮೂರನೇ ಪ್ರೆಸ್ಸಿನ ಫ್ಯೂಸು

ಬಿಡದಿ
ಭಾನುವಾರ, 12-3-2006

ಅಸ್ಗರ್ ಭಾಯ್,

ನಾನು ಸೂಪರ್‌ವೈಸರ್ ಆದ ದಿನ ನೀನು, “ನೀನೇ ಮೇಲಿದ್ರೆ ನಮ್ಗಿನ್ಯಾತರ ಭಯ ಕಣ್ಲಾ” ಅಂದಿದ್ದೆ.

ಹತ್ತು ವರ್ಷ ನಾವಿಬ್ಬರೂ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡೇ ತಗಡು ಒತ್ತುವ ಪ್ರೆಸ್ಸಿನೊಳಗೆ ಕೈ ಇಟ್ಟವರು. ಹಾಗೆ ಕಿತ್ತರೆ ಇಡೀ ಲೈನ್ ನಿಲ್ಲುತ್ತದೆಂದು ಮ್ಯಾನೇಜರ್ ಬೇಡವೆಂದರು. ಫ್ಯೂಸ್ ಪೆಟ್ಟಿಗೆಗೆ ನಾನೇ ನಿಂತು ಬೀಗ ಹಾಕಿಸಿದೆ. ಸ್ವಿಚ್ ಆಫ್ ಮಾಡಿದರೂ ಮೂರನೇ ಪ್ರೆಸ್ಸು ಒಮ್ಮೊಮ್ಮೆ ತಾನಾಗಿ ಇಳಿಯುವುದು ನಮ್ಮಿಬ್ಬರಿಗೂ ಗೊತ್ತು. ಅದು ಸರಿಯಾಗಿದೆಯೆಂದು ನಿನ್ನೆ ರುಜು ಹಾಕಿದ್ದೇನೆ.

ನಾಳೆ ಅದರೊಳಗೆ ಕೈ ಹಾಕಿ ಡೈ ಅಚ್ಚು ಬದಲಿಸುವ ಸರದಿ ನಿನ್ನದು. ಹೊಟ್ಟೆನೋವೆಂದು ರಜೆ ಚೀಟಿ ಕಳಿಸು, ಸಹಿ ಮಾಡುತ್ತೇನೆ. ಈ ಕಾಗದವನ್ನು ಒಲೆಗೆ ಹಾಕು.

ನಿನ್ನ ಜಾಗಕ್ಕೆ ಯಾರನ್ನು ಹಾಕಿದೆ ಎಂದು ಮಾತ್ರ ಕೇಳಬೇಡ.

ಇಂತಿ,
ನಿನ್ನ ಹಳೇ ಫಿಟ್ಟರ್ ನಟರಾಜು