ಒದ್ದೆಯಾಗದ ಮನವಿ

ವೆರಿಬೀ, ಭಾನುವಾರ

ಶ್ರೀಕಂಠಯ್ಯ ಅಂಕಲ್‌ಗೆ ನಮಸ್ಕಾರ.

ಮೊನ್ನೆಯ ಗಾಳಿಮಳೆಗೆ ನಮ್ಮ ಮನೆಯ ಹೆಂಚು ಹಾರಿದ ಕಡೆ ನೀವು ತುರ್ತು ಸೇವೆಯ ತಂಡದೊಂದಿಗೆ ಬಂದು ಕಟ್ಟಿದ ಟಾರ್ಪಾಲು ಗಟ್ಟಿಯಾಗಿ ನಿಂತಿದೆ. ಒಂದು ಹನಿಯೂ ಸೋರುತ್ತಿಲ್ಲ. ಫೋನ್ ಮಾಡಿ ಹೇಳಬಹುದಿತ್ತು, ನಾಲಿಗೆ ಏಳಲಿಲ್ಲ.

ಇಲ್ಲಿನ ಕನ್ನಡ ಸಂಘದ ಯುಗಾದಿ ಊಟದ ದಿನ, ತುರ್ತು ಸೇವೆಗೆಂದು ಸರ್ಕಾರ ಹಾಕಿರುವ ಹೊಸ ತೆರಿಗೆ ಬೇಡ ಎನ್ನುವವರು ಕೈ ಎತ್ತಿ ಎಂದವನು ನಾನೇ. "ಒಂದ್ಸಲಾನಾದ್ರೂ ಅವರನ್ನ ಕರ್ದಿದೀವಾ? ನಾವ್ಯಾಕೆ ಕೊಡ್ಬೇಕು?" ಅಂದಿದ್ದೆ. ನೀವು ಆ ಸೇವೆಯ ವಾಲಂಟಿಯರ್ ಎಂದು ಗೊತ್ತಿದ್ದೂ ಅಂದೆ. ನೀವೊಬ್ಬರೇ ಕೈ ಎತ್ತಲಿಲ್ಲ. ಹೋಳಿಗೆಗೆ ತುಪ್ಪ ಬಡಿಸುತ್ತಾ ಮುಂದೆ ಹೋದಿರಿ.

ಮೊನ್ನೆ ನೀರು ಸುರಿಯುತ್ತಿದ್ದ ಮೇಜಿನ ಮೇಲಿದ್ದದ್ದು ಆ ತೆರಿಗೆ ಬೇಡವೆಂದು ಸರ್ಕಾರಕ್ಕೆ ಬರೆದ ನಮ್ಮ ಮನವಿ. ಐವತ್ತೆಂಟು ಸಹಿಗಳಲ್ಲಿ ಮೊದಲನೆಯದು ನನ್ನದು. ನೀವು ಅದನ್ನೆತ್ತಿಕೊಂಡು, ಕನ್ನಡಕ ಒರೆಸಿ ಓದಿದಿರಿ.

"ಇದು ಬೇಕಾದ್ದೇನಪ್ಪಾ, ಅಮೃತ್?"

ನಾನು "ಹೌದು ಅಂಕಲ್" ಅಂದುಬಿಟ್ಟೆ. ನೀವದನ್ನು ನಿಮ್ಮದೇ ಪ್ಲಾಸ್ಟಿಕ್ ಕವರಿಗೆ ಹಾಕಿ, ಫ್ರಿಜ್ ಮೇಲಿಟ್ಟು, ಏಣಿ ಹತ್ತಿದಿರಿ.

ಅದನ್ನು ನಾನು ಕಳಿಸಿಲ್ಲ. ಇನ್ನು ಕಳಿಸುವುದೂ ಇಲ್ಲ. ನಿಮ್ಮ ತಂಡಕ್ಕೆ ಏಣಿ ಹಿಡಿಯಲು ಒಬ್ಬ ಬೇಕಿದ್ದರೆ ದಯವಿಟ್ಟು ಹೇಳಿ.

ಹೊರಗೆ ಮತ್ತೆ ಮಳೆ ಹಿಡಿದಿದೆ. ಈ ಕಾಗದವನ್ನು ನಿಮ್ಮ ಅದೇ ಕವರಿನಲ್ಲಿಟ್ಟು ನಿಮ್ಮ ಮನೆಯ ಲೆಟರ್‌ಬಾಕ್ಸಿಗೆ ಹಾಕಿ ಹೋಗುತ್ತೇನೆ. ಬಾಗಿಲು ತಟ್ಟುವುದಿಲ್ಲ.

ನಿಮ್ಮ
ಅಮೃತ್