ಗುತ್ತೆವ್ವನ ಪುಟ

೯ ಜನವರಿ ೧೯೩೫, ಸಂಜೆ

ಇವತ್ತೂ ಅದೇ. ಬೋರ್ಡಿಗೆ ಬರೆಯುವ ಖಡುವಿನ ಧೂಳು ಕುಡಿದು ಗಂಟಲು ಕಟ್ಟಿದೆ. ಡೆಪ್ಯುಟಿ ಸಾಹೇಬರು ಶಾಲೆಯ ತಪಾಸಣೆಗೆ ಬರುತ್ತಾರಂತೆ. ಅದಕ್ಕೊಂದು ಹೊಸ ಹುಕುಮು. ಏಳನೆಯ ಇಯತ್ತೆಯ ಪ್ರತಿಯೊಬ್ಬರೂ ಮುಂದೆ ಏನಾಗಬೇಕೆಂದಿದ್ದೇವೆ, ಅದಕ್ಕಾಗಿ ಏನೇನು ಮಾಡುತ್ತೇವೆ ಎಂದು ಬರೆಯಬೇಕು. ಎಲ್ಲ ಸೇರಿಸಿ ಒಂದು ವಹಿ. ವಿಚಾರ ಒಳ್ಳೆಯದೇ. ಆದರೆ ನಮ್ಮ ಹೆಡ್ ಮಾಸ್ತರು ಕರಬಸಪ್ಪನವರು ಹತ್ತು ನಿಮಿಷದಲ್ಲಿ ಕೈ ತೊಳೆದುಕೊಂಡರು. ಬೋರ್ಡಿನ ಮೇಲೆ ಬರೆದರು — "ನಾನು ಮುಲ್ಕಿ ಪರೀಕ್ಷೆ ಪಾಸಾಗಿ ತಲಾಠಿಯಾಗುವೆನು." ಹನ್ನೊಂದು ಮಂದಿಯೂ ಇಳಿಸಿಕೊಂಡರು. ಹತ್ತು ಹುಡುಗರು, ಒಬ್ಬ ಹುಡುಗಿ. ಗುತ್ತೆವ್ವನೂ ತಲಾಠಿ! ಊರ ಲೆಕ್ಕ ಬರೆಯಲು ಒಬ್ಬ ಸಾಕು, ಇಷ್ಟು ಸಣ್ಣ ಊರಿಗೆ ಹನ್ನೊಂದು ತಲಾಠಿಗಳು.

"ಹುಡುಗಿಗೆ ಯಾರ್ರೀ ತಲಾಠಿ ಕೆಲಸಾ ಕೊಡತಾರ?" ಅಂದೆ.

"ಶ್ರೀಪಾದ ಮಾಸ್ತರ, ಸಾಹೇಬ್ರು ಅಕ್ಷರ ನೋಡ್ತಾರ. ಅರ್ಥ ಯಾರ್ ನೋಡ್ತಾರ ಬಿಡ್ರಿ," ಅಂದವರೇ ಎಲೆ ಬಾಯಿಗಿಟ್ಟರು.

ಹೇಸಿಗೆ. ಹನ್ನೆರಡು ವರ್ಷ ಇಂಥವರ ಕೈಕೆಳಗೆ ದುಡಿದೆ.

೧೧ ಜನವರಿ

ಹೆಡ್ ಮಾಸ್ತರರು ಶಿಗ್ಗಾಂವಿಗೆ ಹೋಗಿದ್ದರು. ಹನ್ನೊಂದೂ ಹಾಳೆ ಹರಿದು ಒಲೆಗೆ ಹಾಕಿಸಿದೆ. ಮಕ್ಕಳನ್ನು ಬೇವಿನ ಗಿಡದ ಕೆಳಗೆ ಕೂಡಿಸಿ, ಮನಸ್ಸಿನಲ್ಲಿದ್ದದ್ದನ್ನು ಬರೆಯಿರಿ ಅಂದೆ. ಅರ್ಧ ತಾಸು ಯಾರ ಕೈಯ ಟಾಕೂ ಹಾಳೆಯ ಮೇಲೆ ಅಲುಗಲಿಲ್ಲ. ಮನಸ್ಸಿನಲ್ಲಿ ಏನಾದರೂ ಇರಬಹುದು ಎಂದು ಇವರಿಗೆ ಈವರೆಗೆ ಯಾರೂ ಹೇಳಿಲ್ಲ. ಕೊನೆಗೆ ಕುತುಬುದ್ದೀನ ಶುರುಮಾಡಿದ. ಹಾವೇರಿಯ ಸರ್ವಿಸ್ ಮೋಟಾರಿಗೆ ಡ್ರೈವರ್ ಆಗುವೆನು... ಮೊದಲು ಕ್ಲೀನರ್ ಆಗಿ ಸೇರುವೆನು... ನಮ್ಮ ಮಾಸ್ತರರಿಗೆ ಟಿಕೀಟು ಕೇಳುವುದಿಲ್ಲ. ಶಾಣ್ಯಾ ಇದ್ದಾನೆ. ನಗು ಬಂತು.

ಗುತ್ತೆವ್ವ ಪುಟ ತುಂಬ ಬರೆದಳು. ಮೊದಲು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ. ಆಮೇಲೆ ಧಾರವಾಡದಲ್ಲಿ ಹೆಣ್ಣುಮಕ್ಕಳ ಟ್ರೇನಿಂಗ್ ಕಾಲೇಜು. ಸ್ಕಾಲರ್‌ಶಿಪ್ಪಿಗೆ ಅರ್ಜಿ. ಆಮೇಲೆ ತಿರುಗಿ ಇದೇ ಊರಿಗೆ ಬಂದು ಹೆಣ್ಣುಮಕ್ಕಳ ಶಾಲೆ. ಕೊನೆಯ ಸಾಲು — "ನಮ್ಮ ಅವ್ವ ಹೆಬ್ಬೆಟ್ಟು ಒತ್ತುತ್ತಾಳೆ. ನನ್ನ ಶಾಲೆಯ ಹಾಜರಿ ಪಟದಲ್ಲಿ ಮೊದಲು ಅವಳ ಹೆಸರನ್ನೇ ಬರೆಯುವೆನು."

ವಯಸ್ಸು ಹದಿಮೂರು. ತಂದೆ ಉಳಿವೆಪ್ಪ, ಹತ್ತಿಯ ವ್ಯಾಪಾರ, ಊರ ಹಿರಿಯರಲ್ಲಿ ಒಬ್ಬ. ಎರಡು ಸಲ ಓದಿದೆ. ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ.

೨೩ ಜನವರಿ, ರಾತ್ರಿ

ತಪಾಸಣೆ ಆಯಿತು. ಊರ ಹಿರಿಯರೆಲ್ಲ ಜಮಖಾನೆಯ ಮೇಲೆ. ಸಾಹೇಬರು ವಹಿಯ ಹಾಳೆ ಸುಮ್ಮನೆ ತಿರುವಿ ಮುಚ್ಚುವುದರಲ್ಲಿದ್ದರು. ತಡೆಯಲಾಗಲಿಲ್ಲ. ಎದ್ದು ನಿಂತು ಗುತ್ತೆವ್ವನ ಪುಟವನ್ನು ನಾನೇ ಗಟ್ಟಿಯಾಗಿ ಓದಿದೆ. ಹೆಬ್ಬೆಟ್ಟಿನ ಸಾಲನ್ನೂ ಬಿಡಲಿಲ್ಲ. ಸಾಹೇಬರು ನನ್ನ ಕಡೆ ತಿರುಗಿ ಶಾಭಾಸ್ ಅಂದರು. ಕರಬಸಪ್ಪನವರ ಮೋರೆ ನೋಡಬೇಕಿತ್ತು!

ಹಿಂದಿನಿಂದ ಯಾರೋ ನಕ್ಕರು. "ಉಳಿವೆಪ್ಪ ಇನ್ನ ಮಗಳ ಪಗಾರದಾಗ ಉಣ್ಣಾಂವ ಬಿಡ್ರಿ!" ಉಳಿವೆಪ್ಪ ರುಮಾಲು ಸರಿಮಾಡಿಕೊಂಡು ಎದ್ದುಹೋದ. ಹೋದರೆ ಹೋಗಲಿ. ಬಹಳ ದಿನದ ಮೇಲೆ ಊಟ ರುಚಿಸಿತು.

೧೮ ಫೆಬ್ರುವರಿ

ಗುತ್ತೆವ್ವ ಎಂಟು ದಿನದಿಂದ ಶಾಲೆಗೆ ಬಂದಿಲ್ಲ. ಇವತ್ತು ಅವರ ಮನೆಗೇ ಹೋದೆ. ಉಳಿವೆಪ್ಪ ಕಂಬಳಿ ಹಾಸಿದ. ನೀರು, ಬೆಲ್ಲ. ಮರ್ಯಾದೆಗೇನೂ ಕಡಿಮೆಯಿಲ್ಲ.

"ಗುತ್ತೆವ್ವನ ಲಗ್ನ ಗೊತ್ತ ಮಾಡೇವ್ರಿ ಮಾಸ್ತರ."

"ಏಪ್ರಿಲ್ ಎಂಟಕ್ಕ ಪರೀಕ್ಷಾ ಅದರೀ. ಅಲ್ಲೀತನಕಾ ಆದರೂ ತಡೀರಿ."

"ಅವತ್ತ ನಾಕ ಮಂದ್ಯಾಗ ನನ್ನ ತಲಿ ತೆಗ್ಗಿಸಿದ್ರಿ. ಹೇಂತಿ ಹೆಬ್ಬಟ್ಟು, ಮಗಳು ದುಡಿಯಾಕಿ... ಸಂತ್ಯಾಗ ಸೈತ ಅದನ್ನ ಆಡಾಕತ್ತಾರ. ಇನ್ನೂ ತಡೀಬೇಕೇನ್ರಿ ನಾ?"

ಸಿಟ್ಟು ಬಂತು. ಹುಡುಗಿಗೆ ಹದಿನಾಲ್ಕು ತುಂಬಿಲ್ಲ, ಕಾಯ್ದೆ ಇದೆ, ಅರ್ಜಿ ಕೊಡುತ್ತೇನೆ ಅಂದೆ. ಆತ ನಕ್ಕ.

"ಕೊಡ್ರಿ. ಲಗ್ನ ಇಲ್ಲಲ್ಲ, ಸವಣೂರಾಗ ಮಾಡತೇವಿ. ನವಾಬರ ಸೀಮ್ಯಾಗ ನಿಮ್ಮ ಇಂಗ್ರೇಜಿ ಕಾಯ್ದೆ ನಡಿಯಂಗಿಲ್ಲ."

ಆರೇಳು ಮೈಲು ಗಾಡಿ ಹೊಡೆದರೆ ಸಾಕು. ಸೀಮೆಯ ಕಲ್ಲು ದಾಟಿದ ಕೂಡಲೇ ಹದಿಮೂರರ ಹುಡುಗಿಯ ವಯಸ್ಸು ಕೇಳುವವರಿಲ್ಲ. ನಮ್ಮ ಕಡೆ ಎಷ್ಟು ಲಗ್ನ ಹೀಗೇ ಆದವೋ. ಥೂ! ಕಾಯ್ದೆ ಮಾಡಿದವರಿಗೂ ಥೂ, ದಾರಿ ಹುಡುಕಿದವರಿಗೂ ಥೂ. ಒಳಬಾಗಿಲಲ್ಲಿ ಗುತ್ತೆವ್ವ ನಿಂತಿದ್ದಳು. ನನ್ನ ಕಡೆ ನೋಡಲಿಲ್ಲ.

೧೯ ಫೆಬ್ರುವರಿ, ಬೆಳಗ್ಗೆ

ಹೆಂಡತಿಯ ಮುಂದೆ ಎಲ್ಲ ಹೇಳಿದೆ. ಉಳಿವೆಪ್ಪನನ್ನು ಬಾಯಿಗೆ ಬಂದಂತೆ ಬೈದೆ. ಗೋಪಿಕಾ ಸೊಪ್ಪು ಸೋಸುತ್ತ ಕೇಳಿದಳು. ಆಮೇಲೆ ಒಂದೇ ಮಾತು.

"ನೀವು ಓದಿದ್ದು ಆಕೀ ಸಲುವಾಗಿ ಅಲ್ಲ. ಸಾಹೇಬರು ನಿಮಗ ಶಾಭಾಸ್ ಅನ್ನಲಿ ಅಂತ ಓದಿದ್ರಿ."

ಚಹಾ ಆರಿಹೋಯಿತು. ಖರೆ ಹೇಳಿದಳು. ಕರಬಸಪ್ಪನವರ ತಲಾಠಿ ಸಾಲಿನಿಂದ ಯಾರ ಮನೆಯೂ ಕೆಡುತ್ತಿರಲಿಲ್ಲ. ಗುತ್ತೆವ್ವ ಮನಸ್ಸು ಬಿಚ್ಚಿ ನನಗೆ ತೋರಿಸಿದ್ದಳು, ನನಗೊಬ್ಬನಿಗೆ. ನಾನು ಅದನ್ನು ಜಮಖಾನೆಯ ಮೇಲೆ ಹರವಿದೆ.

೧೫ ಮಾರ್ಚ್

ನಿನ್ನೆ ಲಗ್ನವಾಯಿತು. ಊರಿಗೆ ಊರೇ ಗಾಡಿ ಕಟ್ಟಿಕೊಂಡು ಸವಣೂರಿಗೆ ಹೋಗಿತ್ತು. ಹೆಡ್ ಮಾಸ್ತರರು ಶಾಲೆಗೆ ಸೂಟಿ ಕೊಟ್ಟೇ ಹೋದರು. ಬರುವಾಗ ನನಗೆ ತಿನ್ನಲೆಂದು ಸವಣೂರ ಖಾರ ಪೊಟ್ಟಣ ಕಟ್ಟಿಸಿಕೊಂಡು ಬಂದಿದ್ದಾರೆ. ಎಷ್ಟು ಪ್ರೀತಿ! ಬಿಚ್ಚದೆ ಗಟಾರಕ್ಕೆ ಎಸೆದೆ.

೮ ಏಪ್ರಿಲ್

ಹುಡುಗರು ಹತ್ತೂ ಮಂದಿ ಪರೀಕ್ಷೆಗೆ ಕೂತರು. ಅವಳ ನಂಬರಿನ ಮಣೆ ಖಾಲಿ. ಫಾರ್ಮು ತುಂಬಿದ್ದು ನಾನೇ. ಒಳಗೆ ಹೋಗುವಾಗ ಕುತುಬುದ್ದೀನ ಕೇಳಿದ, "ಗುತ್ತೆವ್ವ ಖರೇನ ಬರಂಗಿಲ್ಲೇನ್ರಿ?" ಹೋಗಿ ಪೇಪರ್ ಬರಿ ಅಂದೆ.

೨೨ ಏಪ್ರಿಲ್

ಸಾಹೇಬರ ರಿಪೋರ್ಟು ಬಂತು. ನನ್ನ ಸರ್ವಿಸ್ ಬುಕ್ಕಿಗೆ ಎರಡು ಸಾಲು ಹೊಗಳಿಕೆ. ಹನ್ನೆರಡು ವರ್ಷ ಇದಕ್ಕಾಗಿ ಬಾಯಿ ಬಿಟ್ಟುಕೊಂಡು ಕಾದಿದ್ದೆ. ಮುಂದಿನ ತಿಂಗಳು ಹಾನಗಲ್ಲಿನಲ್ಲಿ ಮಾಸ್ತರರ ಸಭೆಯಂತೆ. ಅಲ್ಲಿ ಗುತ್ತೆವ್ವನ ಪುಟವನ್ನು ಮಾದರಿಯೆಂದು ನಾನೇ ಓದಬೇಕಂತೆ. ಹುಡುಗಿ ಪರೀಕ್ಷೆಗೆ ಕೂತಳೋ ಇಲ್ಲವೋ... ಒಂದು ಅಕ್ಷರ ಕೇಳಿಲ್ಲ.

"ವಹಿ ಜ್ವಾಕಿ ಮಾಸ್ತರ. ಇನ್ನ ನಿಮ್ಮದ ಕಾಲ!" ಅಂದರು ಕರಬಸಪ್ಪನವರು.

ಮನೆಗೆ ಬಂದು ಮುಖ ತೊಳೆದೆ. ಮತ್ತೆ ತೊಳೆದೆ. 

೨೪ ಏಪ್ರಿಲ್, ಬೆಳಗ್ಗೆ ೮

ಗುತ್ತೆವ್ವ ಬಂದಿದ್ದಳು. ಗೋಪಿಕಾಳಿಗೆ ಮಜ್ಜಿಗೆ ಕೊಡುವ ನೆವ. ಕೊರಳಲ್ಲಿ ತಾಳಿ, ಮೊಣಕೈತನಕ ಹಸಿರು ಬಳೆ. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಅತ್ತಿ ಮನಿಗೆ ಈಗ ಕಳಸಂಗಿಲ್ಲಂತ್ರಿ. ಇನ್ನ ಎರಡ ವರ್ಷ ಅವ್ವನ ಕಡೆನ ಇರ್ತೇನಿ."

"ಶಾಲೆಗೆ ಬರ್ತೀಯೇನು?"

"ಅಪ್ಪ ಬಿಡಂಗಿಲ್ರಿ. ಬ್ಯಾರೆ ದಾರಿ ಹುಡಿಕೇನಿ. ಅವ್ವಗ ಅಷ್ಟ ಗೊತ್ತೈತಿ."

ಹಾನಗಲ್ಲಿನ ಸುದ್ದಿ ಮುಚ್ಚಿಡಲಾಗಲಿಲ್ಲ, ಹೇಳಿದೆ. ಸುಮ್ಮನೆ ಕೈ ಚಾಚಿದಳು. "ನನ್ನ ಹಾಳಿ ನನಗ ಕೊಡ್ರಿ." ವಹಿಯಿಂದ ಬಿಡಿಸಿ ಕೊಟ್ಟೆ. ಸಣ್ಣಗೆ ಮಡಚಿ ಸೆರಗಿನ ಗಂಟಿಗೆ ಕಟ್ಟಿಕೊಂಡಳು. ಆಮೇಲೆ ತನ್ನ ದಾರಿ ಹೇಳಿದಳು. ಮೊದಲು ಇದು, ಆಮೇಲೆ ಇದು, ಇಂಥ ತಿಂಗಳಿಗೆ ಇಷ್ಟು... ನಾನು ಕಲಿಸಿದ್ದಕ್ಕಿಂತ ಗಟ್ಟಿಯಾಗಿದೆ.

ಹೋಗುವಾಗ ಬಾಗಿಲಲ್ಲಿ ನಿಂತಳು. "ಈ ಸಲ ಯಾರ ಮುಂದೂ ಹೇಳಬ್ಯಾಡ್ರಿ ಮಾಸ್ತರ."

ತಲೆ ಎತ್ತಲಾಗಲಿಲ್ಲ. ಇಲ್ಲವ್ವಾ ಅಂದೆ, ಯಾರ ಮುಂದೂ ಇಲ್ಲ.

ಹಾನಗಲ್ಲಿಗೆ ಓದಲು ಕುತುಬುದ್ದೀನನ ಪುಟವನ್ನು, ಅವನ ಮೋಟಾರನ್ನೇ ಒಯ್ಯುತ್ತೇನೆ. ಬೇಕಾದರೆ ಸಾಹೇಬರು ಹತ್ತಿ ಕೂಡಲಿ.

ಅವಳು ಹೇಳಿದ್ದನ್ನು ಮರೆಯಬಾರದು. ಬರೆದಿಟ್ಟುಕೊಳ್ಳುತ್ತೇನೆ. ಮೊದಲನೆಯದು — ದಿನಾ ಬೆಳಗ್ಗೆ ಅವ್ವನ ಜೊತೆ... ಬೇಡ. ಈ ಡೈರಿಯ ಮುಂದೂ ಇಲ್ಲ.