ಮೂರನ್ನು ಎಂಟು ಮಾಡಿದ ಪೆನ್ನಿನ ಬಗ್ಗೆ

ಮಾನ್ಯ ಆಸ್ಪತ್ರೆ ಅಧೀಕ್ಷಕರೇ,

ನನ್ನ ಅಕ್ಕ ನಿಮ್ಮ ಆಸ್ಪತ್ರೆಯಲ್ಲಿ ರಕ್ತಕ್ಕೆ ನಂಜೇರಿ ಸತ್ತಳು. ಹೇಗೆ ಎಂದು ಕೇಳಿ ಬರೆದಿದ್ದಕ್ಕೆ ನಿಮ್ಮ ಸಹಿಯ ಉತ್ತರ ಬಂದಿದೆ: "ರೋಗಿಯ ವೈಯಕ್ತಿಕ ಸ್ವಚ್ಛತೆಯ ಕೊರತೆಯಿಂದ ಸೋಂಕು ಉಂಟಾಗಿರುತ್ತದೆ." ಅಂದರೆ ನನ್ನ ಅಕ್ಕ ಗಲೀಜು ಹೆಂಗಸು, ತನ್ನ ಕೊಳೆಯಿಂದ ತಾನೇ ಸತ್ತಳು ಎಂದು ಮೊಹರು ಒತ್ತಿ ಹೇಳಿದ್ದೀರಿ.

ಅಕ್ಕ ಶಾಲೆಯ ಮಕ್ಕಳಿಗೆ ಬಿಳಿ ಅಂಗಿ ಹೊಲಿಯುತ್ತಿದ್ದಳು. ಕೈ ತೊಳೆದು ಒರೆಸಿಕೊಳ್ಳದೆ ಬಟ್ಟೆ ಮುಟ್ಟಿದವಳಲ್ಲ. ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡು ನಿಮ್ಮಲ್ಲಿಗೆ ಬಂದಳು. ಕಾಲು ಚೆನ್ನಾಗಿಯೇ ಕೂಡಿಕೊಳ್ಳುತ್ತಿತ್ತು, ಅದಕ್ಕೆ ನಿಮಗೆ ಋಣಿ. ಆದರೆ ಆ ಕಾಲಿನ ಜೊತೆ ಬಂದ ಉಳಿದ ದೇಹವನ್ನು ಏನು ಮಾಡಿದಿರಿ?

ಡ್ರಿಪ್ ಹಾಕಲು ಅವಳ ಎಡಗೈಗೆ ಸೂಜಿ ಚುಚ್ಚಿ, ಮೇಲೆ ಬಿಳಿ ಪಟ್ಟಿ ಅಂಟಿಸಿ, ಪೆನ್ನಿನಲ್ಲಿ ತಾರೀಖು ಬರೆದರು: 3. ಮೂರು ನಾಲ್ಕು ದಿನಕ್ಕೊಮ್ಮೆ ಸೂಜಿ ಬದಲಿಸಬೇಕು, ಆ ದಿನ ಮರೆಯದಿರಲಿ ಎಂದು ಹಾಗೆ ಬರೆಯುತ್ತಾರಂತೆ. ಎಂಟನೇ ತಾರೀಖು ನಿಮ್ಮ ತಪಾಸಣೆ. ಅಂದು ಬೆಳಿಗ್ಗೆ, ಬಾಗಿಲ ಬಳಿ ಅಷ್ಟು ದಿನ ಖಾಲಿ ನಿಂತಿದ್ದ ಕೈತೊಳೆಯುವ ದ್ರಾವಣದ ಬಾಟಲಿ ತುಂಬಿತು. ಮೂತ್ರ ಚೆಲ್ಲಿದ್ದ ನೆಲ ಒರೆಸಿದ ಬಟ್ಟೆಯಲ್ಲೇ ಊಟದ ಮೇಜೂ ಹೊಳೆಯಿತು. ದಾದಿಯೊಬ್ಬರು ಪೆನ್ನು ಹಿಡಿದು ಮಂಚದಿಂದ ಮಂಚಕ್ಕೆ ಬಂದರು. ಅಕ್ಕನ ಪಟ್ಟಿಯ ಮೇಲಿದ್ದ 3ಕ್ಕೆ ಎಡಗಡೆ ಎರಡು ಗೆರೆ ಎಳೆದರು. 8 ಆಯಿತು. ಪಟ್ಟಿಯ ಅಂಚಿನಲ್ಲಿ ಆಗಲೇ ಹಳದಿ ಕೀವು ಇಣುಕುತ್ತಿತ್ತು.

"ಸಿಸ್ಟರ್, ಸೂಜಿ ಬದಲಿಸಲ್ವಾ?" ಎಂದೆ, ನನಗೇ ಸರಿಯಾಗಿ ಕೇಳಿಸದ ಹಾಗೆ.

"ತಾರೀಖು ನೋಡಮ್ಮ, ಇವತ್ತಿಂದೇ ಇದೆಯಲ್ಲ. ಓದೋಕೆ ಬರಲ್ವಾ?"

ಅಕ್ಕ ನನ್ನ ಕೈ ಹಿಡಿದೆಳೆದಳು. "ಸುಮ್ನಿರೇ. ಸೂಜಿ ಜೊತೆಗೇ ಬಾಳ್ವೆ ಮಾಡಿದೋಳು ನಾನು. ಇದು ಬಾಲ ಬಿಚ್ಚಿದ್ರೆ ದಾರ ಪೋಣಿಸಿಬಿಡ್ತೀನಿ."

ಹತ್ತು ನಿಮಿಷಕ್ಕೆ ನೀವು ಬಂದಿರಿ. ತಾರೀಖು ನೋಡಿದಿರಿ, ಕೈ ನೋಡಲಿಲ್ಲ. "ವೆರಿ ಗುಡ್" ಎಂದು ಮುಂದಿನ ಮಂಚಕ್ಕೆ ಹೋದಿರಿ. ನಾನು ಎರಡಡಿ ದೂರದಲ್ಲೇ ಇದ್ದೆ. ದೊಡ್ಡವರ ಮುಂದೆ ನನಗೆ ಬಾಯಿ ಕಟ್ಟುತ್ತದೆ. ಈ ತಪ್ಪಿನಲ್ಲಿ ನನ್ನ ಪಾಲು ಅದು, ಒಪ್ಪಿಕೊಳ್ಳುತ್ತೇನೆ. ನಿಮ್ಮ ಪಾಲು ಎಷ್ಟು?

ಅಂದು ಸಂಜೆಯೇ ಅಕ್ಕನಿಗೆ ಚಳಿಜ್ವರ ಹಿಡಿಯಿತು. ಮೂರನೇ ದಿನಕ್ಕೆ ಅವಳಿಗೆ ನನ್ನ ಗುರುತೂ ಸಿಗಲಿಲ್ಲ. ಐದನೇ ದಿನ ಹೋದಳು. ಸೂಜಿಯ ಜಾಗದಿಂದಲೇ ನಂಜು ರಕ್ತಕ್ಕೆ ಇಳಿದಿದೆ ಎಂದು ಕಿರಿಯ ವೈದ್ಯರೊಬ್ಬರು ಹೇಳಿದರು. ಮರುದಿನ ಕೇಳಿದರೆ, ತಾವು ಹಾಗೆ ಹೇಳಲೇ ಇಲ್ಲ ಎಂದರು.

ನಾನು ಬ್ರೆಡ್ ಕಾರ್ಖಾನೆಯಲ್ಲಿ ಪೊಟ್ಟಣಗಳಿಗೆ ತಾರೀಖಿನ ಚೀಟಿ ಅಂಟಿಸುತ್ತೇನೆ. ಹಳೆಯ ಚೀಟಿಯ ಮೇಲೆ ಹೊಸದು ಅಂಟಿಸಿದ ಹುಡುಗಿಯನ್ನು ನಮ್ಮ ಮೇಸ್ತ್ರಿ ನಿಂತ ಕಾಲಲ್ಲೇ ಮನೆಗೆ ಕಳಿಸಿದರು. ಬ್ರೆಡ್ಡಿಗೆ ಇರುವ ಕಾವಲು ಮನುಷ್ಯರ ರಕ್ತಕ್ಕೆ ಬೇಡವೇ? ಕೀವು ಕಂಡಾಗ ಬರದ ವಾಕರಿಕೆ, ಆ ಎರಡು ಗೆರೆಗಳ ಅಚ್ಚುಕಟ್ಟು ನೆನೆದರೆ ಬರುತ್ತದೆ.

ನಿಮ್ಮ ಉತ್ತರ ಬಂದ ದಿನ 'ವೈಯಕ್ತಿಕ' ಎಂಬಲ್ಲಿ ನಾನು ತಡವರಿಸಿದೆ. ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು ನಾನು. ಅಕ್ಕನ ಮಗಳು ಕಾಗದ ಕಿತ್ತುಕೊಂಡು ಗಟ್ಟಿಯಾಗಿ ಓದಿದಳು. ಓದಿ ಮುಗಿಸಿ ಕೇಳಿದಳು: "ಚಿಕ್ಕಮ್ಮ, ಅಮ್ಮ ಗಲೀಜಾಗಿದ್ಲಾ?"

ಆದ್ದರಿಂದ ಕೇಳುತ್ತಿದ್ದೇನೆ. ಇನ್ನು ಮುಂದೆ ತಪಾಸಣೆಗೆ ಬಂದಾಗ ಪಟ್ಟಿ ಬಿಚ್ಚಿಸಿ ಕೈ ನೋಡಿ. ಹೇಳದೆ ಕೇಳದೆ ಬನ್ನಿ. ನೀವು ಬರೆದ ಆ ಸಾಲನ್ನು ನಿಮ್ಮ ಕೈಯಿಂದಲೇ ಹೊಡೆದುಹಾಕಿ, ಸೋಂಕು ತಗುಲಿದ್ದು ನಿಮ್ಮ ಆಸ್ಪತ್ರೆಯಲ್ಲಿ ಎಂದು ಬರೆದು, ಆ ಮಗುವಿನ ಹೆಸರಿಗೆ ಕಳಿಸಿ. ಸುಲಭದ ಪದಗಳಿರಲಿ. ಓದುವವಳು ಮೂರನೇ ತರಗತಿಯಲ್ಲಿದ್ದಾಳೆ.

ಇಂತಿ,
ಅವಳಿಗೆ ಇನ್ನೂ ಉತ್ತರ ಕೊಡಲಾಗದ ಚಿಕ್ಕಮ್ಮ